ಹೆಬ್ಬಾಳದ ಸೀಮೆಯಲ್ಲಿ ರಾಗಿ ದೋಸೆ

ದೋಸೆಯೆಂದರೆ ಅಕ್ಕಿಯದು, ಮಿಕ್ಕ ಧಾನ್ಯಗಳ ದೋಸೆಗಳೆಲ್ಲ ಸಕ್ಕರೆ ಕಾಯಿಲೆಯವರಿಗಾಗಿ ಈಚೆಗೆ ಹುಟ್ಟಿಕೊಂಡ ಬದಲಿಗಳು ಎಂಬ ತಿಳಿವಳಿಕೆಗೆ ಇತಿಹಾಸದ ಬೆಂಬಲವಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಬರುವ ‘ಧೋಸಕ’ವು ಬೇಳೆಕಾಳನ್ನು ನೆನೆಸಿ, ರುಬ್ಬಿ, ಕಾವಲಿಯ ಮೇಲೆ ಹುಯ್ಯುವ ತಿನಿಸಾಗಿತ್ತು. ಹಿಟ್ಟು ಯಾವುದೆಂಬುದನ್ನು ನೆಲವೂ ಮನೆಯ ಅಗತ್ಯವೂ ಗೊತ್ತುಮಾಡುತ್ತಿದ್ದವು. ಒಪ್ಪತ್ತಿನ ದಿನ, ಅಂದರೆ ಒಂದೇ ಹೊತ್ತು ಅನ್ನ ಉಣ್ಣುವ ವ್ರತದ ದಿನ, ಇನ್ನೊಂದು ಹೊತ್ತಿಗೆ ಮುಸುರೆಯಲ್ಲದ, ಅಂದರೆ ಅನ್ನದ ಮೈಲಿಗೆಯಿಲ್ಲದ, ಗೋಧಿ ಹಿಟ್ಟಿನ ದೋಸೆಯನ್ನು ಹುಯ್ಯುವ ರೂಢಿಯೂ ಪಥ್ಯದ ಲೆಕ್ಕಾಚಾರವೇ.

ಹಿಟ್ಟನ್ನು ನೆಲ ಗೊತ್ತುಮಾಡಿದ್ದಕ್ಕೆ ಹೆಬ್ಬಾಳದ ಸೀಮೆಯೇ ಉದಾಹರಣೆ. ಬೆಂಗಳೂರಿನ ಬಳ್ಳಾರಿ ರಸ್ತೆಗೆ ಹತ್ತಿರದ ಅಮೃತಹಳ್ಳಿ ಇಂದು ಅಪಾರ್ಟ್‌ಮೆಂಟುಗಳ ಬಡಾವಣೆಯಾಗಿದ್ದರೂ ಅದು ರಾಗಿ ಸೀಮೆಯ ಊರು. ಕೆರೆಯ ಕೆಳಗಿನ ಗದ್ದೆಯಲ್ಲಿ ಭತ್ತ, ಮಳೆಯನ್ನೇ ನಂಬಿದ ಹೊಲದಲ್ಲಿ ರಾಗಿ, ಅದರ ನಡುನಡುವೆ ಅಕ್ಕಡಿ ಸಾಲುಗಳಾಗಿ, ಅಂದರೆ ಮಿಶ್ರಬೆಳೆಯಾಗಿ, ಅವರೆ, ತೊಗರಿ, ಹುಚ್ಚೆಳ್ಳು ಎಂಬುದು ಈ ಸೀಮೆಯ ಬೇಸಾಯದ ಕ್ರಮವಾಗಿತ್ತು. ಅಕ್ಕಿ ಹಬ್ಬಕ್ಕೆ, ರಾಗಿ ನಿತ್ಯಕ್ಕೆ.

ಈ ನಿತ್ಯದ ಧಾನ್ಯ ಸಂಶೋಧನೆಯ ವಸ್ತುವಾದದ್ದೂ ಇದೇ ನೆರೆಯಲ್ಲಿ. ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿಯವರು 1899ರಲ್ಲಿ ಹೆಬ್ಬಾಳದಲ್ಲಿ ಪ್ರಾಯೋಗಿಕ ಕೃಷಿಗೆ 30 ಎಕರೆ ಕೊಟ್ಟರು. ಅಲ್ಲಿಂದ ಬೆಳೆದ ಪರಂಪರೆ 1964ರಲ್ಲಿ ಕೃಷಿ ವಿಶ್ವವಿದ್ಯಾಲಯವಾಗಿ, ಮುಂದೆ ಅಮೃತಹಳ್ಳಿಗೆ ಸಮೀಪದ ಜಿಕೆವಿಕೆ (ಗಾಂಧಿ ಕೃಷಿ ವಿಜ್ಞಾನ ಕೇಂದ್ರ) ಆವರಣಕ್ಕೂ ಹರಡಿತು. ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ ತಳಿತಜ್ಞ ಲಕ್ಷ್ಮಣಯ್ಯನವರು ರೂಪಿಸಿದ ‘ಇಂಡಾಫ್’ ತಳಿಗಳಿಂದಲೂ, ಬೆಂಕಿರೋಗವನ್ನು ತಾಳಿಕೊಳ್ಳುವ ಜಿಪಿಯು 28 ತಳಿಯಿಂದಲೂ ಇಳುವರಿ ಏರಿತು. ವಿಪರ್ಯಾಸವೆಂದರೆ ಇಳುವರಿ ಏರುತ್ತಿದ್ದ ಕಾಲದಲ್ಲೇ ಪಟ್ಟಣದ ಹೋಟೆಲು ಅಕ್ಕಿಯ ಮಸಾಲೆ ದೋಸೆಯನ್ನು ಮಾದರಿಯಾಗಿ ನಿಲ್ಲಿಸಿ ರಾಗಿಯನ್ನು ಬಡವರ ತಟ್ಟೆಗೆ ತಳ್ಳಿತ್ತು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರುವ ಹೊತ್ತಿಗೆ ಅದೇ ರಾಗಿ ದುಬಾರಿ ಪೊಟ್ಟಣಗಳಲ್ಲಿ ಮರಳಿ ಬಂದಿತ್ತು.

ರಾಗಿಯ ಸಿಪ್ಪೆ ಕಾಳಿಗೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಅಕ್ಕಿಯಂತೆ ಅದನ್ನು ಪಾಲಿಶ್ ಮಾಡುವುದು ಕಷ್ಟ. ಇಡಿಯಾಗಿ ಬೀಸುವುದರಿಂದ ನಾರು ಹಿಟ್ಟಿನಲ್ಲೇ ಉಳಿಯುತ್ತದೆ, ನೂರು ಗ್ರಾಮಿಗೆ ಸುಮಾರು 350 ಮಿಲಿಗ್ರಾಮ್ ಕ್ಯಾಲ್ಸಿಯಂ ಸಿಗುತ್ತದೆ. ಗ್ಲುಟೆನ್, ಅಂದರೆ ಗೋಧಿಯ ಹಿಟ್ಟಿಗೆ ಜಿಗುಟು ಕೊಡುವ ಪ್ರೋಟೀನು, ಇದರಲ್ಲಿಲ್ಲ. ಆದ್ದರಿಂದಲೇ ಬರಿಯ ರಾಗಿ ಹಿಟ್ಟು ಕಾವಲಿಯ ಮೇಲೆ ಬಿರಿಯುತ್ತದೆ. ಇದಕ್ಕೆ ಹಳೆಯ ಪರಿಹಾರ ಉದ್ದು: ನುಣ್ಣಗೆ ರುಬ್ಬಿದ ಉದ್ದಿನ ಲೋಳೆ ಹಿಟ್ಟನ್ನು ಹಿಡಿದಿಟ್ಟು, ರಾತ್ರಿಯ ಹುದುಗಿನ ಗಾಳಿಯನ್ನೂ ಕಾಪಾಡುತ್ತದೆ. ಅವಸರದ ದಿಢೀರ್ ದೋಸೆಯಲ್ಲಿ ಉದ್ದಿನ ಜಾಗಕ್ಕೆ ಚಿರೋಟಿ ರವೆಯೋ ಮೈದಾವೋ ಬರುವುದುಂಟು, ಎರಡೂ ಗೋಧಿಯವೇ. ನುಣ್ಣನೆಯ ರಾಗಿ ಹಿಟ್ಟೂ ಪಿಷ್ಟವೇ ಆದ್ದರಿಂದ ಸಕ್ಕರೆ ಕಾಯಿಲೆಯವರು ಹೆಸರನ್ನು ನಂಬಿ ತಿನ್ನುವ ದೋಸೆಗಳ ಎಣಿಕೆ ಮರೆಯುವಂತಿಲ್ಲ. ಗೋಧಿ ಒಗ್ಗದವರಂತೂ ರಾಗಿ ದೋಸೆಯೆಂಬ ಫಲಕವನ್ನಷ್ಟೇ ನೋಡದೆ ಹಿಟ್ಟಿಗೆ ಏನೇನು ಬೆರೆಸಿದ್ದಾರೆಂದು ಕೇಳಿಯೇ ತಿನ್ನಬೇಕು.