ಬೆಂಚಿಗೆ ಹಣ ಇತ್ತು, ನೆಲಕ್ಕೆ?

ತಿರುವನಂತಪುರದ ಚಾಲೈ ಬೀದಿಗೆ ಹೋದವರಿಗೆ ಗೊತ್ತು, ಅಲ್ಲಿ ಕಾಲಿಡಲು ಜಾಗವಿಲ್ಲ. ದಿವಾನ ರಾಜಾ ಕೇಶವದಾಸರು 18ನೇ ಶತಮಾನದಲ್ಲಿ ಬೆಳೆಸಿದ ಪೇಟೆ ಅದು. ಉಸಿರಾಡಬೇಕೆಂದರೆ ಕೋಟೆ ಬಾಗಿಲ ಬಳಿಯ ಗಾಂಧಿ ಪಾರ್ಕು. ದೊಡ್ಡ ಮರಗಳ ನೆರಳೇ ಬೇಕೆಂದರೆ ಬಸ್ಸು ಹತ್ತಿ ಉತ್ತರಕ್ಕೆ, ಮ್ಯೂಸಿಯಂ ತೋಟಕ್ಕೆ.

ಆ ತೋಟ ಹುಟ್ಟಿದ್ದೇ ತಮಾಷೆ. ತಿರುವಾಂಕೂರು ಮಹಾರಾಜರ ಪೋಷಣೆಯಲ್ಲಿ 1857ರಲ್ಲಿ ವಸ್ತುಸಂಗ್ರಹಾಲಯ ತೆರೆಯಿತು. ಜನ ಅಷ್ಟಾಗಿ ಬರಲಿಲ್ಲ. ಅವರನ್ನು ಸೆಳೆಯಲೆಂದು 1859ರಲ್ಲಿ ಮೃಗಾಲಯ, ಉದ್ಯಾನ ಎರಡನ್ನೂ ಸೇರಿಸಿದರು. ನಮ್ಮ ಲಾಲ್‌ಬಾಗ್ ಬೆಳೆದದ್ದೂ ಸರ್ಕಾರದ ಕೈಯಲ್ಲೇ. 1874ರಲ್ಲಿ 45 ಎಕರೆ ಇದ್ದದ್ದಕ್ಕೆ 1889ರಲ್ಲಿ 30, 1891ರಲ್ಲಿ ಕೆಂಪೇಗೌಡ ಗೋಪುರದ ಬಂಡೆಯೂ ಸೇರಿ 13, 1894ರಲ್ಲಿ ಒಮ್ಮೆಲೇ 94 ಎಕರೆ ಕೂಡಿತು. ಮೊದಲು ನೆಲ, ಆಮೇಲೆ ಹೂವು.

ಈಚಿನ ಲೆಕ್ಕ ಬೇರೆ. 2015ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಅಮೃತ್ ಯೋಜನೆ ನಗರದ ಪಾರ್ಕುಗಳಿಗೂ ಅನುದಾನ ಕೊಟ್ಟಿತು, ತಿರುವನಂತಪುರವೂ ಅದರಲ್ಲಿತ್ತು. ಆದರೆ ಆ ದುಡ್ಡಿನಲ್ಲಿ ಜಮೀನು ಕೊಳ್ಳುವಂತಿಲ್ಲ ಎಂಬುದು ನಿಯಮವಾಗಿತ್ತು. ಬೆಂಚು, ಕಾಲುದಾರಿ, ಮಕ್ಕಳ ಜೋಕಾಲಿ ಎಲ್ಲಕ್ಕೂ ಹಣ ಇತ್ತು. ನೆಲವನ್ನು ಮಾತ್ರ ಊರೇ ಹೊಂದಿಸಬೇಕಿತ್ತು. ಜಾಗ ಇದ್ದ ಬಡಾವಣೆಗೆ ಇದು ಅನುಕೂಲವಾಗಿತ್ತು. ಅಂಗಡಿಗೆ ಅಂಗಡಿ ಅಂಟಿಕೊಂಡ ಚಾಲೈಯಲ್ಲಿ ಜೋಕಾಲಿ ಕಟ್ಟುವುದೆಲ್ಲಿ?