ಬಹುಮಸೂರ ಕ್ಯಾಮೆರಾ ಮತ್ತು ಆಕಸ್ಮಿಕ ಸ್ಟೀರಿಯೊ ಚಿತ್ರಗಳು

ಒಂದೇ ಪೆಟ್ಟಿಗೆಗೆ ಎರಡು, ನಾಲ್ಕು ಅಥವಾ ಅದಕ್ಕೂ ಹೆಚ್ಚು ಮಸೂರ ಕೂರಿಸಿ, ಒಂದೇ ಗಾಜಿನ ಪ್ಲೇಟಿನ ಮೇಲೆ ಹಲವು ಚಿತ್ರ ತೆಗೆಯಲು 19ನೇ ಶತಮಾನದ ಸ್ಟುಡಿಯೊಗಳು ಬಳಸಿದ ಸಾಧನವೇ ಬಹುಮಸೂರ ಕ್ಯಾಮೆರಾ. ಉದ್ದೇಶ ಖರ್ಚು ಉಳಿಸುವುದು, ಅಷ್ಟೇ. ಅಕ್ಕಪಕ್ಕದ ಎರಡು ಮಸೂರಗಳು ಏಕಕಾಲಕ್ಕೆ ತೆರೆದಾಗ ಮಾತ್ರ, ಯಾರೂ ಬಯಸದೆಯೇ, ಆಳ ತೋರುವ ಜೋಡಿಚಿತ್ರಗಳು ಹುಟ್ಟಿಕೊಂಡವು.

ಎರಡು ಕಣ್ಣು ಕಾಣುವ ಅಲ್ಪ ವ್ಯತ್ಯಾಸದಿಂದ ಆಳದ ಅರಿವಾಗುತ್ತದೆಂದು ವಿಜ್ಞಾನಿ ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲೇ ತೋರಿಸಿದ್ದ. 1851ರ ಲಂಡನ್ ಮಹಾಪ್ರದರ್ಶನದ ನಂತರ ಇಂಥ ಜೋಡಿಚಿತ್ರ ನೋಡುವ ಸ್ಟೀರಿಯೊಸ್ಕೋಪ್ ಮನೆಮನೆಯ ಆಟಿಕೆಯಾಯಿತು. ಹಳೇಬೀಡು, ಬೇಲೂರುಗಳ ಗುಡಿಗಳನ್ನು 1854ರ ಡಿಸೆಂಬರಿನಲ್ಲಿ ಕ್ಯಾಮೆರಾದಲ್ಲಿ ಸೆರೆಹಿಡಿದ ಲಿನ್ನೇಯಸ್ ಟ್ರೈಪ್, 1858ರಲ್ಲಿ ತಿರುಚಿರಾಪಳ್ಳಿ, ತಂಜಾವೂರುಗಳ ಸ್ಟೀರಿಯೊ ಸಂಪುಟವನ್ನೇ ಹೊರತಂದ. ಆದರೆ ಅವು ಬೇಕೆಂದೇ ತೆಗೆದ ಜೋಡಿಗಳು.

ಬೇಡದೆ ಬಂದ ಜೋಡಿಗಳ ಕಥೆ ಪ್ಯಾರಿಸ್ಸಿನದು. ಟ್ರೈಪ್ ಹಳೇಬೀಡಿಗೆ ಬರುವ ಹಿಂದಿನ ತಿಂಗಳಷ್ಟೇ, ನವೆಂಬರ್ 27ರಂದು, ಆಂಡ್ರೆ ದಿಸ್ದೇರಿ ಎಂಬ ಛಾಯಾಗ್ರಾಹಕ ವಿಸಿಟಿಂಗ್ ಕಾರ್ಡಿನ ಅಳತೆಯ ಭಾವಚಿತ್ರಕ್ಕೆ ಪೇಟೆಂಟ್ ಪಡೆದ. ನಾಲ್ಕು ಮಸೂರದ ಕ್ಯಾಮೆರಾದಲ್ಲಿ ಪ್ಲೇಟಿನ ಅರ್ಧಕ್ಕೆ ಬೆಳಕು ಕೊಟ್ಟು, ಪ್ಲೇಟನ್ನು ಸರಿಸಿ ಉಳಿದರ್ಧಕ್ಕೆ ಕೊಟ್ಟರೆ ಎಂಟು ಚಿತ್ರ ಸಿಗುತ್ತಿದ್ದವು. ಒಂದೊಂದೇ ಮಸೂರದ ಮುಚ್ಚಳ ತೆಗೆದರೆ ಎಂಟು ಭಂಗಿ. ಒಟ್ಟಿಗೆ ತೆಗೆದರೆ ಒಂದೇ ಭಂಗಿಯ ಹಲವು ಪ್ರತಿ. ಚಿತ್ರದ ಅಗಲ ಸುಮಾರು 5.4 ಸೆಂ.ಮೀ.; ಮನುಷ್ಯನ ಕಣ್ಣುಗಳ ನಡುವಿನ ಅಂತರ ಸುಮಾರು 6.5 ಸೆಂ.ಮೀ. ಪಕ್ಕಪಕ್ಕದ ಮಸೂರಗಳು ತಾವಾಗಿಯೇ ಎರಡು ಕಣ್ಣಿನ ಕೆಲಸ ಮಾಡಿದ್ದು ಹೀಗೆ. ಮೇಲೆ-ಕೆಳಗಿನ ಮಸೂರಗಳ ಚಿತ್ರಗಳು ಮಾತ್ರ ಇದಕ್ಕೆ ಬಾರವು.

ಇಂಥ ಜೋಡಿಯನ್ನು ಗುರುತಿಸುವುದು ಕಷ್ಟವಲ್ಲ. ಕುರ್ಚಿಯ ಅಂಚಿನ ಹಿಂದಿನ ಪರದೆಯ ನಿರಿಗೆ ಒಂದರಲ್ಲಿ ಕಾಣುತ್ತದೆ, ಇನ್ನೊಂದರಲ್ಲಿ ಮರೆಯಾಗುತ್ತದೆ. ಶಾಲಿನ ಮಡಿಕೆ, ಅಲುಗಿ ಮಸುಕಾದ ಬೆರಳು ಎರಡರಲ್ಲೂ ಒಂದೇ ರೀತಿ ಇರಬೇಕು. ಇಲ್ಲದಿದ್ದರೆ ಅವು ಬೇರೆ ಬೇರೆ ಕ್ಷಣದವು. ಪ್ಲೇಟಿನಿಂದ ಮುದ್ರಿಸಿ ಇನ್ನೂ ಕತ್ತರಿಸದ ಹಾಳೆಯಲ್ಲಿ ಒಂದು ತೊಡಕೂ ಇದೆ: ಮಸೂರ ಬಿಂಬವನ್ನು ತಲೆಕೆಳಗು ಮಾಡುವುದರಿಂದ, ಹಾಳೆಯನ್ನು ನೇರ ಹಿಡಿದಾಗ ಎಡಗಣ್ಣಿನ ಚಿತ್ರ ಬಲಕ್ಕೆ ಬಂದಿರುತ್ತದೆ. ಹಾಗೇ ನೋಡಿದರೆ ಮೂಗು ಒಳಕ್ಕೆ ಹೋಗಿ ಗೋಡೆ ಮುಂದಕ್ಕೆ ಬರುತ್ತದೆ. ಅದಲುಬದಲು ಮಾಡಿದರೆ ಸರಿ.

ಸಿನಿಮಾದಲ್ಲೂ ಇಂಥ ಆಕಸ್ಮಿಕ ನಡೆದಿದೆ. ಚಿತ್ರನಿರ್ಮಾಪಕ ಜಾರ್ಜ್ ಮೆಲಿಯೆ 1903ರ ಹೊತ್ತಿಗೆ ಫ್ರಾನ್ಸಿಗೊಂದು, ಅಮೆರಿಕಕ್ಕೊಂದು ನೆಗೆಟಿವ್ ಬೇಕೆಂದು ಎರಡನ್ನೂ ಏಕಕಾಲಕ್ಕೆ ತೆಗೆಸತೊಡಗಿದ. ಶತಮಾನದ ಬಳಿಕ ಅವನ್ನು ಜೋಡಿಸಿದಾಗ ಆ ಚಿತ್ರಗಳು ತ್ರೀಡಿಯಲ್ಲಿ ಕಂಡವು. ಪಾಸ್‌ಪೋರ್ಟ್ ಫೋಟೊಗೆಂದು ಬಂದ ನಾಲ್ಕು ಮಸೂರದ ಪೊಲರಾಯ್ಡ್ ಕ್ಯಾಮೆರಾಗಳೂ ಇದೇ ವಂಶದವು.

ಮಸೂರ ಒಂದೇ ಇದ್ದರೂ, ಕ್ಯಾಮೆರಾ ಪಕ್ಕಕ್ಕೆ ಸರಿದರೆ ಇಂಥ ಜೋಡಿಗೆ ಸಾಕು. ಬಾಣಸಂದ್ರ–ತಿಪಟೂರು ನಡುವೆ ರೈಲಿನ ಕಿಟಕಿಯಿಂದ ಮೊಬೈಲಿನಲ್ಲಿ ಬೆನ್ನುಬೆನ್ನಿಗೆ ತೆಗೆದ ಎರಡು ಫೋಟೊಗಳಲ್ಲಿ ಹತ್ತಿರದ ತೆಂಗಿನ ಬೊಡ್ಡೆ ಬಹಳ ಸರಿದಿರುತ್ತದೆ, ತೋಟದಾಚೆಯ ಸಾಲು ಅಷ್ಟಾಗಿ ಸರಿದಿರುವುದಿಲ್ಲ. ಜೋಡಿಸಿ ನೋಡಿದರೆ ತೋಟ ಸಾಲುಸಾಲಾಗಿ ಬಿಡಿಸಿಕೊಳ್ಳುತ್ತದೆ. ಗಾಳಿಗೆ ಗರಿ ಆಡಿದರೆ ಅಷ್ಟು ಭಾಗ ಕೆಡುತ್ತದೆ.

ಮನೆಯ ಹಳೆಯ ಆಲ್ಬಮ್ಮಿನಲ್ಲಿ ಒಂದೇ ಭಂಗಿಯ ಎರಡು ಪ್ರತಿ ಸಿಕ್ಕರೆ, ಒಂದು ಹೆಚ್ಚುವರಿಯೆಂದು ಯಾರಿಗೂ ಕೊಟ್ಟುಬಿಡಬೇಡಿ. ಮೊದಲು ಪಕ್ಕಪಕ್ಕದಲ್ಲಿಟ್ಟು ಕುರ್ಚಿಯ ಅಂಚನ್ನು ನೋಡಿ.