ಜ್ವಾಲಾಮುಖಿಯ ಬೂದಿಯಲ್ಲಿ ದ್ರಾಕ್ಷಿ ಬೆಳೆಯುವುದು ಹೇಗೆ?

ಜ್ವಾಲಾಮುಖಿಯ ಬೂದಿ ಬಿದ್ದ ನೆಲ ಬಂಜರು ಎಂದೇ ನಾವು ಭಾವಿಸುತ್ತೇವೆ. ಅಟ್ಲಾಂಟಿಕ್ ಸಾಗರದಲ್ಲಿ ಸ್ಪೇನ್‌ಗೆ ಸೇರಿದ ಲಾಂಜರೋಟೆ ದ್ವೀಪದ ಲಾ ಹೇರಿಯಾ ಪ್ರದೇಶದ ಕಥೆ ಬೇರೆ.

1730ರಿಂದ 1736ರವರೆಗೆ ಜ್ವಾಲಾಮುಖಿ ಉಗುಳಿದ ಬೂದಿ ಮತ್ತು ಕಪ್ಪು ಕಲ್ಲುಹರಳುಗಳ ಅಡಿಯಲ್ಲಿ ಇಲ್ಲಿನ ಹೊಲಗಳು ಹೂತುಹೋದವು. ರೈತರು ಅದರಲ್ಲೇ ಗುಂಡಿ ತೋಡಿ, ಬೇರು ಕೆಳಗಿನ ಹಳೆಯ ಮಣ್ಣಿಗೆ ಇಳಿಯುವಂತೆ ದ್ರಾಕ್ಷಿ ಬಳ್ಳಿ ನೆಟ್ಟರು.

ಇಲ್ಲಿ ವರ್ಷಕ್ಕೆ ಬೀಳುವುದು ಸುಮಾರು 150 ಮಿ.ಮೀ. ಮಳೆ ಮಾತ್ರ. ಹರಳಿನ ಪದರ ಆ ನೀರನ್ನು ಕೆಳಗಿಳಿಯಲು ಬಿಟ್ಟು, ಆವಿಯಾಗದಂತೆ ಕಾಯುತ್ತದೆ. ನಮ್ಮ ತೋಟಗಳಲ್ಲಿ ತರಗೆಲೆಯ ಹೊದಿಕೆ ಮಾಡುವ ಕೆಲಸವೂ ಇದೇ. ಗುಂಡಿಯ ಅಂಚಿನ ಅರ್ಧಚಂದ್ರಾಕಾರದ ಕಲ್ಲುಗೋಡೆ ಬಿರುಗಾಳಿಯನ್ನು ತಡೆಯುತ್ತದೆ. ಗುಂಡಿಗೆ ಯಂತ್ರ ಇಳಿಯದ ಕಾರಣ ಕೊಯ್ಲು ಕೈಯಿಂದಲೇ; ಇಳುವರಿಯೂ ಕಡಿಮೆ.

ಇಲ್ಲಿನ ವೈನ್‌ಗೆ ಬೂದಿಯ ರುಚಿ ಇರುತ್ತದೆಯೇ? ಇಲ್ಲ. ಬೇರುಗಳು ಕಲ್ಲಿನ ರುಚಿಯನ್ನು ಹೀರಿ ಹಣ್ಣಿಗೆ ಸಾಗಿಸುವುದಿಲ್ಲ. ಬೂದಿಯಿಂದ ಬಳ್ಳಿಗೆ ಸಿಗುವ ದೊಡ್ಡ ಲಾಭ ನೀರು.